ಆಸ್ಪತ್ರೆಗೆ ಹೋಗದವರ ಲೆಕ್ಕ

ಕರ್ನಾಟಕದ ಹಳ್ಳಿಗರ ಆಸ್ಪತ್ರೆ ಖರ್ಚಿನ ಬಗ್ಗೆ ಹೊರದೇಶಗಳಲ್ಲೂ ಚರ್ಚೆಯಾದ ಎರಡು ಸಂಶೋಧನೆಗಳಿವೆ. ಒಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದದ್ದು. ಇನ್ನೊಂದು 2021ರ ಕೊನೆಯಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಎಕನಾಮಿಕ್ ರಿಸರ್ಚ್ ಸಂಸ್ಥೆ ಹೊರತಂದದ್ದು. ಸರ್ಕಾರಿ ಆರೋಗ್ಯ ವಿಮೆ ಬಡವರ ಪ್ರಾಣ ಉಳಿಸಿದೆ ಎಂದು ಮೊದಲನೆಯದು ಹೇಳುತ್ತದೆ. ವಿಮೆ ಕೊಟ್ಟರೂ ಜನರ ಆರೋಗ್ಯದಲ್ಲಿ ಗುರುತಿಸಬಹುದಾದ ವ್ಯತ್ಯಾಸ ಕಾಣಲಿಲ್ಲ ಎಂದು ಎರಡನೆಯದು ಹೇಳುತ್ತದೆ. ಎರಡೂ ನಮ್ಮ ರಾಜ್ಯದವೇ. ಎರಡರಲ್ಲೂ ಸಾವಿರಾರು ಮನೆಗಳ ಬಾಗಿಲು ತಟ್ಟಲಾಗಿದೆ. ಹೀಗಿರುವಾಗ ಯಾವ ಪಕ್ಷದವರಿಗೆ ಯಾವುದು ಬೇಕೋ ಅದನ್ನು ಎತ್ತಿಕೊಳ್ಳಲು ಅನುಕೂಲವೇ ಆಯಿತು. ಆದರೆ ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಕುಳಿತು ಎರಡನ್ನೂ ಒಟ್ಟಿಗೆ ಓದಿದರೆ ಬೇರೆಯೇ ಪ್ರಶ್ನೆಗಳು ಏಳುತ್ತವೆ.

ಕತೆ ಬರೆಯುವವರಿಗೆ ಅರ್ಥಶಾಸ್ತ್ರದ ಉಸಾಬರಿ ಏಕೆ ಎಂದು ಓದುಗರು ಕೇಳಬಹುದು. ಈ ಪ್ರಬಂಧಗಳೂ ಒಂದು ಬಗೆಯ ಕಥನಗಳೇ. ಅವುಗಳಲ್ಲಿ ಸ್ಥಳವಿದೆ, ಕಾಲವಿದೆ, ಪಾತ್ರಗಳಿವೆ, ಹೇಳುವವರಿದ್ದಾರೆ, ಹೇಳದೆ ಬಿಟ್ಟದ್ದೂ ಇದೆ. ನಮ್ಮ ಕತೆಯಿಂದ ಒಂದು ಪಾತ್ರ ಬಿಟ್ಟುಹೋದರೆ ಹೆಚ್ಚೆಂದರೆ ಕತೆ ಕೆಡುತ್ತದೆ. ಇಲ್ಲಿ ಬಿಟ್ಟುಹೋದವರಿಗೆ ಕಾರ್ಡು ಸಿಗುವುದಿಲ್ಲ, ಔಷಧಿಯೂ ಸಿಗುವುದಿಲ್ಲ. ಆದ್ದರಿಂದ ಕತೆಯನ್ನು ನೋಡುವ ಕಣ್ಣಿನಿಂದಲೇ ಇವನ್ನೂ ಓದುವುದು ಅನುಚಿತವಾಗಲಾರದು.

ಮೊದಲ ಸಂಶೋಧನೆ ವಾಜಪೇಯಿ ಆರೋಗ್ಯಶ್ರೀ ಯೋಜನೆಯ ಬಗ್ಗೆ. ನೀರಜ್ ಸೂದ್ ಮತ್ತು ಸಂಗಡಿಗರು ಬರೆದದ್ದು. ಬಡತನದ ರೇಖೆಗಿಂತ ಕೆಳಗಿನವರಿಗೆ ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗಳಿಗೆ ದೊಡ್ಡ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆ ಕೊಡಿಸುವ ಈ ಯೋಜನೆ 2010ರಲ್ಲಿ ಮೊದಲು ಕಲಬುರಗಿ ಮತ್ತು ಬೆಳಗಾವಿ ವಿಭಾಗಗಳಲ್ಲಿ ಜಾರಿಗೆ ಬಂತು. ಬೆಂಗಳೂರು, ಮೈಸೂರು ವಿಭಾಗಗಳು 2012ರವರೆಗೆ ಕಾಯಬೇಕಾಯಿತು. ಸಂಶೋಧಕರು ಈ ಅಂತರವನ್ನೇ ಜಾಣತನದಿಂದ ಬಳಸಿಕೊಂಡರು. ಯೋಜನೆ ಬಂದ ಕಡೆಯ 300 ಹಳ್ಳಿಗಳನ್ನು, ಗಡಿಯ ಈಚೆ ಯೋಜನೆ ಇನ್ನೂ ಬಾರದ 272 ಹಳ್ಳಿಗಳೊಂದಿಗೆ ಹೋಲಿಸಿದರು. ಎರಡೂ ಕಡೆ ಸೇರಿ 60 ಸಾವಿರದಷ್ಟು ಮನೆಗಳು. ಯೋಜನೆಯಡಿ ಚಿಕಿತ್ಸೆ ಸಿಗುವ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಿ ಸತ್ತವರ ಪ್ರಮಾಣ ಯೋಜನೆ ಇದ್ದ ಕಡೆ ಶೇ. 0.32, ಇಲ್ಲದ ಕಡೆ ಶೇ. 0.90. ಆ ಕಾಯಿಲೆಗಳಿಗಾಗಿ ಆಸ್ಪತ್ರೆಯಲ್ಲಿ ಕೈಯಿಂದ ಹಾಕಿದ ಹಣವೂ ಶೇ. 34ರಷ್ಟು ಕಡಿಮೆ. ಯೋಜನೆಗೆ ಸೇರದ, ರೇಖೆಗಿಂತ ಮೇಲಿನ ಕುಟುಂಬಗಳಲ್ಲಿ ಸಾವಿನ ಇಂಥ ವ್ಯತ್ಯಾಸ ಇರಲಿಲ್ಲ. ನಮಗೆ ಈ ಪ್ರಬಂಧದ ಮೇಲೆ ವಿಶ್ವಾಸ ಮೂಡಿಸಿದ್ದು ಈ ಕೊನೆಯ ಮಾತು.

ಎರಡನೆಯದು ಅನೂಪ್ ಮಲಾನಿ, ಸಿಂಥಿಯಾ ಕಿನನ್ ಮೊದಲಾದವರದು. ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಯೋಜನೆಯನ್ನು ಓದುಗರು ಮರೆತಿರಲಾರರು. ಐದು ಮಂದಿಯ ಕುಟುಂಬಕ್ಕೆ ವರ್ಷಕ್ಕೆ 30 ಸಾವಿರ ರೂಪಾಯಿಯವರೆಗೆ ಆಸ್ಪತ್ರೆ ಖರ್ಚು ಕೊಡುತ್ತಿದ್ದ ಸ್ಮಾರ್ಟ್ ಕಾರ್ಡಿನ ಯೋಜನೆ ಅದು. ಮೈಸೂರು ಮತ್ತು ಕಲಬುರಗಿ ಜಿಲ್ಲೆಗಳ 435 ಹಳ್ಳಿಗಳಲ್ಲಿ, ಆ ಯೋಜನೆಗೆ ಅರ್ಹರಲ್ಲದ ಸುಮಾರು 11 ಸಾವಿರ ಕುಟುಂಬಗಳನ್ನು ಚೀಟಿ ಎತ್ತಿದಂತೆ ನಾಲ್ಕು ಗುಂಪು ಮಾಡಿದರು. ಕೆಲವರಿಗೆ ವಿಮೆ ಪುಕ್ಕಟೆ, ಕೆಲವರಿಗೆ ದುಡ್ಡಿಗೆ, ಕೆಲವರಿಗೆ ದುಡ್ಡಿಗೆ ಕೊಟ್ಟು ಅಷ್ಟೇ ಹಣವನ್ನು ಬೇರೆಯಾಗಿ ಕೈಗಿತ್ತರು. ನಾಲ್ಕನೆಯ ಗುಂಪಿಗೆ ಏನೂ ಇಲ್ಲ. ಪುಕ್ಕಟೆ ಕೊಟ್ಟಾಗ ಶೇ. 79ರಷ್ಟು ಜನ ತೆಗೆದುಕೊಂಡರು. ದುಡ್ಡಿಗೆ ಕೊಟ್ಟಾಗಲೂ ಶೇ. 60ರಷ್ಟು ಜನ ಕೊಂಡುಕೊಂಡರು. ಹಳ್ಳಿಯವರಿಗೆ ವಿಮೆಯ ಬೆಲೆ ತಿಳಿಯದು ಎಂದು ಪಟ್ಟಣಗಳಲ್ಲಿ ಹೇಳುವ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ. ಆದರೆ ಮುಂದೆ ಆದದ್ದೇನು? ಕಾರ್ಡು ಹಿಡಿದು ಹೋದವರಲ್ಲಿ ಅನೇಕರಿಗೆ ಅದನ್ನು ಬಳಸಲಾಗಲಿಲ್ಲ. ಬಳಸುವ ಕ್ರಮ ಗೊತ್ತಿರಲಿಲ್ಲ, ಕಾರ್ಡು ಮನೆಯಲ್ಲೇ ಉಳಿದಿತ್ತು, ಆಸ್ಪತ್ರೆಯವರು ತೆಗೆದುಕೊಳ್ಳಲಿಲ್ಲ. ಅಳೆದು ನೋಡಿದ ಆರೋಗ್ಯದ ಸೂಚಕಗಳಲ್ಲಿ ಗಣನೀಯ ಬದಲಾವಣೆ ಸಿಗಲಿಲ್ಲ.

ಇವೆರಡೂ ಒಂದನ್ನೊಂದು ಸುಳ್ಳು ಮಾಡುತ್ತವೆ ಎನ್ನುವವರು ಎರಡನ್ನೂ ಪೂರ್ತಿ ಓದಿದವರಲ್ಲ. ಒಂದರಲ್ಲಿ ಪ್ರಾಣಕ್ಕೆ ಎರವಾಗುವ ಕಾಯಿಲೆ, ಅದಕ್ಕಾಗಿಯೇ ನಡೆಸಿದ ಶಿಬಿರಗಳು, ಮೇಜಿನ ಹಿಂದೆ ಕುಳಿತು ಕಾಗದ ತುಂಬಿಕೊಡುವ ಆರೋಗ್ಯ ಮಿತ್ರರು. ಇನ್ನೊಂದರಲ್ಲಿ 30 ಸಾವಿರದೊಳಗೆ ಮುಗಿಯುವ ಆಸ್ಪತ್ರೆ ವಾಸ, ಮತ್ತು ಒಂದು ಪ್ಲಾಸ್ಟಿಕ್ ಕಾರ್ಡು. ಒಂದರಲ್ಲಿ ತೀರ ಬಡವರು, ಇನ್ನೊಂದರಲ್ಲಿ ಅವರಿಗಿಂತ ತುಸು ಮೇಲಿನವರು. ಹೃದಯದ ಶಸ್ತ್ರಚಿಕಿತ್ಸೆ ಸಿಕ್ಕಿದವನು ಉಳಿಯುತ್ತಾನೆ, ಅದನ್ನು ಎಣಿಸಬಹುದು. ಮೂರು ದಿನ ಜ್ವರಕ್ಕೆ ಮಲಗಿ ಎದ್ದವನ ಆರೋಗ್ಯ ಒಂದು ವರ್ಷದ ಮೇಲೆ ಎಷ್ಟು ಸುಧಾರಿಸಿತು ಎಂದು ಯಾರಾದರೂ ಹೇಗೆ ಅಳೆದಾರು? ವಿಮೆಯಿಂದ ಉಪಯೋಗವಿಲ್ಲ ಎಂಬ ತೀರ್ಮಾನ ಈ ಪ್ರಬಂಧದಿಂದ ಹೊರಡುವುದಿಲ್ಲ. ಕಾರ್ಡು ಕೊಟ್ಟು ಕೈತೊಳೆದುಕೊಂಡರೆ ಉಪಯೋಗವಿಲ್ಲ ಎಂಬ ತೀರ್ಮಾನ ಖಂಡಿತ ಹೊರಡುತ್ತದೆ.

ನಮ್ಮ ಆಕ್ಷೇಪ ಬೇರೆ. ಎರಡೂ ಪ್ರಬಂಧಗಳ ಭೂಗೋಳ ಬಹುಮಟ್ಟಿಗೆ ಬಯಲುಸೀಮೆಯದು. ಅಲ್ಲಿನ ಹಳ್ಳಿ ಎಂದರೆ ಒಂದಕ್ಕೊಂದು ಅಂಟಿದ ಮನೆಗಳು, ನಡುವೆ ದೇವಸ್ಥಾನ, ಪಂಚಾಯಿತಿ ಕಟ್ಟೆ. ಎಣಿಸಲು ಬಂದವನಿಗೆ ಒಂದು ಬೀದಿಯಲ್ಲಿ ಇಪ್ಪತ್ತು ಬಾಗಿಲು ಸಿಗುತ್ತವೆ. ಕಾಫಿ ಸೀಮೆಯಲ್ಲಿ ಹಾಗಿಲ್ಲ. ಮೂಡಿಗೆರೆಯಿಂದ ಬೇರ್ಪಟ್ಟು ತಾಲೂಕಾದ ಕಳಸದ ಕಡೆ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಒಂದು ಗುಡ್ಡವೋ ಹಳ್ಳವೋ ಇರುತ್ತದೆ. ಕೂಲಿಯವರು ಇರುವುದು ತೋಟದ ಒಳಗಿನ ಲೈನ್ ಮನೆಗಳಲ್ಲಿ. ಆ ದಾರಿಗೆ ಗೇಟಿದೆ, ಗೇಟಿಗೆ ಕಾವಲಿನವನಿದ್ದಾನೆ, ಪಡಿತರ ಚೀಟಿ ಇನ್ಯಾವುದೋ ಊರಿನದು. ಹಿಂದೆ ಘಟ್ಟದ ಕೆಳಗಿನಿಂದಲೂ ತಮಿಳು ಸೀಮೆಯಿಂದಲೂ ಬರುತ್ತಿದ್ದವರ ಜಾಗಕ್ಕೆ ಈಗ ಅಸ್ಸಾಮಿನವರು, ಜಾರ್ಖಂಡಿನವರು ಬಂದಿದ್ದಾರೆ. ಕುಯ್ಲು ಮುಗಿದರೆ ಹೊರಟರು. ತೇಜಸ್ವಿಯವರನ್ನು ಓದಿ ಮೂಡಿಗೆರೆಗೆ ಬರುವ ಪ್ರವಾಸಿಗಳಿಗೆ ಹೋಮ್‌ಸ್ಟೇಯ ಕಿಟಕಿಯಿಂದ ಮಂಜು ಕಾಣುತ್ತದೆ, ಲೈನ್ ಮನೆ ಕಾಣುವುದಿಲ್ಲ. ಸಂಶೋಧಕರ ಪಟ್ಟಿಗೂ ಅದು ಸುಲಭಕ್ಕೆ ಸಿಗುವಂಥದ್ದಲ್ಲ.

ಇನ್ನು ದೂರದ ಮಾತು. ಈಗಿರುವ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ನಡೆಯುತ್ತಿದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ. ತುರ್ತು ಸ್ಥಿತಿ ಇಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಅವರು ಬರೆದುಕೊಡುವ ಚೀಟಿ ಹಿಡಿದು ಖಾಸಗಿ ಆಸ್ಪತ್ರೆಗೆ ಹೋಗಬೇಕು. ಸರ್ಕಾರಿ ಆಸ್ಪತ್ರೆಗಳು ಬರಿದಾಗದಂತೆ ಮಾಡಿದ ಈ ನಿಯಮ ತತ್ವದಲ್ಲಿ ಒಳ್ಳೆಯದೇ. ಆದರೆ ಜಿಲ್ಲಾ ಕೇಂದ್ರವಾದ ಚಿಕ್ಕಮಗಳೂರು ಕಳಸಕ್ಕೆ ಮೂಡಣ ದಿಕ್ಕಿನಲ್ಲಿದೆ. ಕಳಸದವರು ದೊಡ್ಡ ಕಾಯಿಲೆಗೆ ಹೋಗುವ ಮಂಗಳೂರು, ಮಣಿಪಾಲ ಕುದುರೆಮುಖದ ಘಟ್ಟ ಇಳಿದು ಪಡುವಣಕ್ಕೆ. ಮೂಡಿಗೆರೆಯವರಿಗೆ ಚಾರ್ಮಾಡಿ. 2019ರ ಆಗಸ್ಟಿನ ಮಳೆಯಲ್ಲಿ ಆ ಘಾಟಿ ಕುಸಿದು ರಸ್ತೆ ಬಂದ್ ಆದದ್ದನ್ನು ಇಲ್ಲಿನವರು ಮರೆತಿಲ್ಲ. ಭದ್ರೆ ತುಂಬಿದರೆ ಹೊರನಾಡಿನ ದಾರಿಯ ಹೆಬ್ಬಾಳೆ ಸೇತುವೆ ಮುಳುಗುವುದು ವರ್ಷ ವರ್ಷದ ಸುದ್ದಿಯಾಗಿತ್ತು. ಚೀಟಿಗೆ ಒಂದು ದಿನ, ಪರೀಕ್ಷೆಗೆ ಒಂದು ದಿನ, ಅದರ ಫಲಿತಾಂಶಕ್ಕೆ ಮತ್ತೊಂದು ದಿನ. ಜೊತೆಗೆ ಒಬ್ಬರು ಹೋಗಲೇಬೇಕು. ಎರಡು ಆಳಿನ ಕೂಲಿ ಹೋಯಿತು. ಬೆಳಿಗ್ಗೆ ಕೊಟ್ಟಿಗೆಹಾರದಲ್ಲಿ ಬಸ್ಸಿಗೆ ಕಾಯುವವರನ್ನು ನೋಡಿ: ಎಕ್ಸ್‌ರೇ ಹಾಕಿದ ಆ ದೊಡ್ಡ ಕವರು ಕಂಕುಳಲ್ಲಿಟ್ಟುಕೊಂಡವರ ಪಕ್ಕ ಬುತ್ತಿ ಹಿಡಿದ ಇನ್ನೊಬ್ಬರು ನಿಂತಿರುತ್ತಾರೆ. ಉಚಿತ ಚಿಕಿತ್ಸೆಯ ಖರ್ಚು ಅಲ್ಲಿ ನಿಂತಿದೆ.

ಅರ್ಥಶಾಸ್ತ್ರಜ್ಞರು ಇದಕ್ಕೆ ಹೆಸರಿಡದೆ ಇಲ್ಲ. ಆದರೆ ಸುದ್ದಿಯಾಗುವ ಅಂಕಿಗಳಲ್ಲಿ ಇದು ಇರುವುದಿಲ್ಲ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನ ತಮ್ಮ ಕೈಯಿಂದ ಹಾಕುವ ಪಾಲು 2013-14ರಲ್ಲಿ ಶೇ. 64.2 ಇದ್ದದ್ದು 2021-22ಕ್ಕೆ ಶೇ. 39.4ಕ್ಕೆ ಇಳಿಯಿತು ಎಂದು ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರ ಹೇಳುತ್ತದೆ. ಸಂತೋಷ. ಸರ್ಕಾರ ಹಾಕುವ ಪಾಲು ಹೆಚ್ಚಿದ್ದೂ ನಿಜವೇ. ಆದರೆ ಈ ಇಳಿಕೆಯ ಒಂದು ಕಾಲು 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಮೇಲೆ ನಿಂತಿದೆ. ಹಿಂದಿನ ಹದಿನೈದು ದಿನಗಳಲ್ಲಿ ಕಾಯಿಲೆ ಬಿದ್ದಿದ್ದೆವು ಎಂದವರು 2014ರಲ್ಲಿ ಗ್ರಾಮೀಣ ಭಾರತದಲ್ಲಿ ಶೇ. 8.9 ಇದ್ದರು, 2017-18ರಲ್ಲಿ ಶೇ. 6.8. ಮೂರು ನಾಲ್ಕು ವರ್ಷಗಳಲ್ಲಿ ಹಳ್ಳಿಗಳು ಇಷ್ಟೊಂದು ಗಟ್ಟಿಯಾದವೇ, ಅಥವಾ ಜನ ಕಾಯಿಲೆಯನ್ನು ಕಾಯಿಲೆ ಎನ್ನುವುದನ್ನು ಬಿಟ್ಟರೇ? ಕಾಯಿಲೆ ಇದೆ ಎನ್ನದವನಿಗೆ ಖರ್ಚಿಲ್ಲ. ಅವನು ಸೊನ್ನೆ. ಸೊನ್ನೆಗಳು ಹೆಚ್ಚಿದಷ್ಟೂ ಸರಾಸರಿ ಚೆಂದ ಕಾಣುತ್ತದೆ.

ಅಮರ್ತ್ಯ ಸೇನ್ ಇದನ್ನು 2002ರಲ್ಲೇ ಎತ್ತಿ ತೋರಿಸಿದ್ದರು. ಹೆಚ್ಚು ಕಾಲ ಬದುಕುವ ಕೇರಳದವರು ತಮಗೆ ಕಾಯಿಲೆ ಇದೆ ಎಂದು ಹೆಚ್ಚಾಗಿ ಹೇಳುತ್ತಾರೆ, ಬೇಗ ಸಾಯುವ ಬಿಹಾರದವರು ಕಡಿಮೆ ಹೇಳುತ್ತಾರೆ. ಓದು ಬಲ್ಲ, ವೈದ್ಯರನ್ನು ಕಂಡ ಜನ ತಮ್ಮ ದೇಹದ ಮಾತು ಕೇಳಿಸಿಕೊಳ್ಳುತ್ತಾರೆ ಎಂಬುದು ಅವರ ವಿವರಣೆ. ಲೈನ್ ಮನೆಯ ಹೆಂಗಸು ಸೊಂಟನೋವನ್ನು ಕಾಯಿಲೆ ಎಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಕುಯ್ಲಿನ ದಿನಗಳಲ್ಲಂತೂ ಇಲ್ಲವೇ ಇಲ್ಲ. ಉರ್ದು ಮಾತಾಡುವ ನಮ್ಮ ಮನೆಗಳಲ್ಲಿ ಹಿರಿಯ ಹೆಂಗಸರು ಇದಕ್ಕೆ ‘ಕಮ್‌ಜೋರಿ’ ಎಂಬ ಒಂದೇ ಪದ ಬಳಸುತ್ತಾರೆ. ರಕ್ತಹೀನತೆಯೂ ಕಮ್‌ಜೋರಿ, ಸಕ್ಕರೆ ಕಾಯಿಲೆಯೂ ಕಮ್‌ಜೋರಿ. ಸಮೀಕ್ಷೆಯ ಪ್ರಶ್ನಾವಳಿಯಲ್ಲಿ ಆ ಪದಕ್ಕೆ ಯಾವ ಸಂಖ್ಯೆ ಕೊಡುತ್ತಾರೋ!

ಹೆಂಗಸರ ವಿಷಯಕ್ಕೆ ಬಂದಾಗ, ಇತ್ತೀಚಿನ ಆರೋಗ್ಯ ಅರ್ಥಶಾಸ್ತ್ರದಲ್ಲಿ ನಮ್ಮ ಮನಸ್ಸನ್ನು ಬಹುವಾಗಿ ಕಲಕಿದ ಬರಹ ಪಾಸ್ಕಲಿನ್ ದ್ಯುಪಾ ಮತ್ತು ರಾಧಿಕಾ ಜೈನ್ ಅವರದು. ರಾಜಸ್ಥಾನದ ಸರ್ಕಾರಿ ವಿಮೆಯಡಿ 2015ರಿಂದ 2019ರವರೆಗೆ ನಡೆದ ಸುಮಾರು 40 ಲಕ್ಷ ಆಸ್ಪತ್ರೆ ಭೇಟಿಗಳನ್ನು ಅವರು ನೋಡಿದರು. ವಿಮೆ ಇಡೀ ಕುಟುಂಬಕ್ಕೆ, ಚಿಕಿತ್ಸೆ ಪುಕ್ಕಟೆ. ಆದರೂ ಆಸ್ಪತ್ರೆಗೆ ಬಂದವರಲ್ಲಿ ಹೆಣ್ಣುಮಕ್ಕಳು ಅರ್ಧಕ್ಕಿಂತ ಕಡಿಮೆ. ಮಕ್ಕಳಲ್ಲಿ ಮತ್ತು ಮುದುಕರಲ್ಲಿ ಈ ಅಂತರ ಇನ್ನೂ ಹೆಚ್ಚು. ಆಸ್ಪತ್ರೆ ದೂರವಾದಷ್ಟೂ ಹೆಣ್ಣಿನ ಪಾಲು ಕಡಿಮೆ. ಖರ್ಚು ಇಳಿಸಿದರೆ ಹೆಂಗಸರು ಹೆಚ್ಚು ಬರುತ್ತಾರೆ, ಆದರೆ ಗಂಡಸರೂ ಹೆಚ್ಚು ಬರುವುದರಿಂದ ಅಂತರ ಹಾಗೇ ಉಳಿಯುತ್ತದೆ. ಈ ಪ್ರಬಂಧದಲ್ಲಿ ಉಪದೇಶವಿಲ್ಲ, ರೋದನವೂ ಇಲ್ಲ. ಹೆಂಡತಿಗೆ ಬಸ್ಸಿನ ದುಡ್ಡು ಕೊಡಲು ಹಿಂದೆಮುಂದೆ ನೋಡುವ ಗಂಡ ಅದರ ಕೋಷ್ಟಕಗಳ ನಡುವೆ ಸ್ಪಷ್ಟವಾಗಿ ಕಾಣುತ್ತಾನೆ. ಅವನು ರಾಜಸ್ಥಾನದವನೇ ಆಗಿರಬೇಕೆಂದಿಲ್ಲ. ಮಸೀದಿಯ ಮುಂದಿನ ಸಾಲಿನಲ್ಲೂ ಅವನಿದ್ದಾನೆ, ಸಹಕಾರ ಸಂಘದ ಸಭೆಯಲ್ಲೂ ಇದ್ದಾನೆ.

ಕಳೆದ ಕೂಲಿಯ ಮಾತನ್ನು ಯಾರೂ ಯೋಚಿಸಿಯೇ ಇರಲಿಲ್ಲವೇ? ಹಾಗೆನ್ನುವಂತಿಲ್ಲ. ಡಾ. ಎಚ್. ಸುದರ್ಶನ್ ಅವರ ಕರುಣಾ ಟ್ರಸ್ಟ್ 2002ರಲ್ಲಿ ತಿ. ನರಸೀಪುರದಲ್ಲಿ ಒಂದು ಸಣ್ಣ ವಿಮೆ ನಡೆಸಿತು. ಸರ್ಕಾರಿ ಆಸ್ಪತ್ರೆಯಲ್ಲಿ ಮಲಗಿದ ರೋಗಿಗೆ ದಿನಕ್ಕೆ 100 ರೂಪಾಯಿ: 50 ಔಷಧಿಗೆ, 50 ಹೋದ ಕೂಲಿಗೆ. ಮುಂದಿನ ವರ್ಷವೇ ಬಂದ ಯಶಸ್ವಿನಿ ಶಸ್ತ್ರಚಿಕಿತ್ಸೆಯನ್ನು ಹಿಡಿದುಕೊಂಡಿತು. ತಲೆಗೆ ವರ್ಷಕ್ಕೆ 60 ರೂಪಾಯಿಯಲ್ಲಿ ಸಹಕಾರ ಸಂಘದ ರೈತರಿಗೆ ಆಪರೇಷನ್ ಮಾಡಿಸಿದ ಯಶಸ್ವಿನಿಯ ಸಾಧನೆ ಸಣ್ಣದಲ್ಲ. ಕಾಫಿಯ ಸಣ್ಣ ಬೆಳೆಗಾರರಿಗೂ ಅದು ಆಸರೆಯಾಯಿತು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕದಲ್ಲಿ ಕರಗಿಸಿ, 2022-23ರಲ್ಲಿ ಮತ್ತೆ ಬೇರೆಯಾಗಿ ಆರಂಭಿಸಬೇಕಾಯಿತು ಎಂಬುದೇ ಜನ ಅದನ್ನು ಎಷ್ಟು ನೆಚ್ಚಿದ್ದರು ಎಂಬುದಕ್ಕೆ ಸಾಕ್ಷಿ. ಆದರೆ ಅದು ಸಂಘದ ಸದಸ್ಯನ ಯೋಜನೆ. ಸಂಘದಲ್ಲಿ ಷೇರು ಇರುವವನು ತೋಟದವನು, ತೋಟದಲ್ಲಿ ದುಡಿಯುವವನಲ್ಲ. ಆ 50 ರೂಪಾಯಿ ಕೂಲಿಯ ವಿಚಾರ ಮುಂದಿನ ದೊಡ್ಡ ಯೋಜನೆಗಳಿಗೆ ದಾಟಲೇ ಇಲ್ಲ.

ವಿಚಿತ್ರವೆಂದರೆ, ಎಲ್ಲಕ್ಕಿಂತ ಹಳೆಯ ಕಾನೂನು ಇದನ್ನು ಬಲ್ಲದ್ದಾಗಿತ್ತು. 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆಯ 10ನೆಯ ಕಲಂ ಪ್ರತಿ ತೋಟದಲ್ಲೂ ಕೆಲಸಗಾರರಿಗೂ ಅವರ ಕುಟುಂಬಕ್ಕೂ ವೈದ್ಯಕೀಯ ಸೌಲಭ್ಯ ಇರಬೇಕೆಂದಿತು. ಮಾಲೀಕ ಮಾಡದಿದ್ದರೆ ಸರ್ಕಾರದ ಅಧಿಕಾರಿ ತಾನೇ ಮಾಡಿಸಿ ಖರ್ಚು ವಸೂಲು ಮಾಡಬಹುದೆಂದಿತು. 32ನೆಯ ಕಲಂ ಕಾಯಿಲೆಯ ದಿನಗಳಿಗೆ ಭತ್ಯೆ ಕೊಡಬೇಕೆಂದಿತು, ವೈದ್ಯರ ಸರ್ಟಿಫಿಕೇಟ್ ಇದ್ದರೆ. ಮೊದಲು 30 ಆಳು, 1981ರ ತಿದ್ದುಪಡಿಯ ನಂತರ 5 ಹೆಕ್ಟೇರು ಮತ್ತು 15 ಆಳು ಇದ್ದ ತೋಟಗಳಿಗೆ ಇದು ಅನ್ವಯ. ಅಸ್ಸಾಮಿನ ಚಹಾ ತೋಟಗಳಂತೆ ನೂರಾರು ಆಳುಗಳ ತೋಟವನ್ನು ಕಣ್ಣೆದುರಿಗೆ ಇಟ್ಟುಕೊಂಡು ಬರೆದ ಕಾನೂನು. ಭಾರತದ ಕಾಫಿ ಬೆಳೆಗಾರರಲ್ಲಿ ಬಹುಪಾಲು ಜನ 10 ಹೆಕ್ಟೇರಿಗಿಂತ ಕಡಿಮೆ ಹಿಡುವಳಿಯವರು. ವರ್ಷವಿಡೀ ಇರುವ ಆಳು ನಾಲ್ಕೈದು, ಕುಯ್ಲಿಗೆ ಮಾತ್ರ ಜೀಪಿನಲ್ಲಿ ಬಂದಿಳಿಯುವವರು ಮೂವತ್ತು. ರೈಟರ ಪುಸ್ತಕದಲ್ಲಿ ಹದಿನೈದರ ಗೆರೆ ಯಾವ ದಿನ ದಾಟುತ್ತದೆ, ಯಾವ ದಿನ ಇಳಿಯುತ್ತದೆ? ಸಣ್ಣ ಬೆಳೆಗಾರನನ್ನು ಖಳನಾಯಕ ಮಾಡುವುದು ನಮ್ಮ ಉದ್ದೇಶವಲ್ಲ. ಮೂರೆಕರೆಯವನ ಮನೆಗೇ ಹೃದಯದ ಕಾಯಿಲೆ ಬಂದರೆ ಅವನು ತೋಟ ಅಡವಿಡುತ್ತಾನೆ. ಎಪಿಎಲ್ ಕಾರ್ಡಿನವನಾದರೆ ಸರ್ಕಾರ ಕೊಡುವುದು ದರದ ಶೇ. 30 ಮಾತ್ರ.

ಈ ಎಲ್ಲದರ ನಡುವೆ ಜನ ಮಾಡಿಕೊಂಡ ಒಂದು ವಿಮೆಯಿದೆ. ಜುಮಾ ನಮಾಝಿನ ನಂತರ ಜಮಾಅತಿನ ಕಾರ್ಯದರ್ಶಿ ಎದ್ದು ನಿಂತು, ಇಂಥವರ ಮಗುವಿಗೆ ಮಂಗಳೂರಿನಲ್ಲಿ ಆಪರೇಷನ್ ಎಂದು ಹೇಳಿ ಬಟ್ಟೆ ಹರವುತ್ತಾರೆ. ಚರ್ಚಿನಲ್ಲಿ, ಸ್ತ್ರೀಶಕ್ತಿ ಸಂಘದಲ್ಲಿ, ಆಟೋ ಸ್ಟ್ಯಾಂಡಿನಲ್ಲಿ ಇದೇ ಬೇರೆ ರೂಪದಲ್ಲಿ ನಡೆಯುತ್ತದೆ. ನಾವು ಇದನ್ನು ಹೊಗಳಿ ಬರೆಯುವುದು ರೂಢಿ. ಪಾಲ್ ಗರ್ಟ್ಲರ್ ಮತ್ತು ಜೊನಾಥನ್ ಗ್ರೂಬರ್ ಎಂಬವರು 2002ರಲ್ಲಿ ಇಂಡೋನೇಷ್ಯಾದ ಕುಟುಂಬಗಳ ಬಗ್ಗೆ ಬರೆದ ಪ್ರಬಂಧ ಓದಿದರೆ ಹೊಗಳಿಕೆ ತುಸು ತಗ್ಗುತ್ತದೆ. ಸಣ್ಣ ಕಾಯಿಲೆಯ ಪೆಟ್ಟನ್ನು ಕುಟುಂಬಗಳು ಹೇಗೋ ತಾಳಿಕೊಳ್ಳುತ್ತವೆ, ದುಡಿಯುವವನನ್ನು ಮಲಗಿಸಿಬಿಡುವ ದೊಡ್ಡ ಕಾಯಿಲೆಯನ್ನು ತಾಳಲಾರವು ಎಂಬುದು ಅವರು ಕಂಡದ್ದು. ಬಟ್ಟೆ ಹರವಿದ್ದು ಒಂದು ಆಪರೇಷನ್ನಿಗೆ ಸಾಕಾದೀತು. ಡಯಾಲಿಸಿಸ್ ವಾರಕ್ಕೆ ಎರಡು ಮೂರು ಸಲ ಬೇಕು, ವರ್ಷಗಟ್ಟಲೆ ಬೇಕು. ಎಷ್ಟು ಜುಮಾ ಎಂದು ಒಂದೇ ಹೆಸರನ್ನು ಓದುತ್ತಾರೆ? ಇನ್ನೂ ಒಂದು ಮಾತು. ಹೆಸರು ಓದುವುದು ಜಮಾಅತಿನ ಸದಸ್ಯನದು. ಕುಯ್ಲಿಗೆ ಬಂದ ಅಸ್ಸಾಮಿನ ಮುಸ್ಲಿಮ ಹುಡುಗ ಹಿಂದಿನ ಸಾಲಿನಲ್ಲಿ ನಮಾಝು ಮಾಡಿ ಹೋಗುತ್ತಾನೆ, ಅವನ ಹೆಸರು ಕಾರ್ಯದರ್ಶಿಗೆ ಗೊತ್ತಿರುವುದಿಲ್ಲ.

ವಿಮೆಯ ಚರ್ಚೆ ಜೋರಾದಷ್ಟೂ ಹತ್ತಿರದ ಆಸ್ಪತ್ರೆಯ ಚರ್ಚೆ ಮೆತ್ತಗಾಗುತ್ತದೆ. ಕಾಫಿ ಸೀಮೆಯ ಕಾಯಿಲೆಗಳಿಗೆ ಗಂಟೆಗಳ ಲೆಕ್ಕವಿದೆ. ಮರಗಸಿ ಮಾಡುವಾಗ ಸಿಲ್ವರ್ ಓಕಿನಿಂದ ಬಿದ್ದವನಿಗೆ, ಮೆಣಸು ಕುಯ್ಯುವ ಅಲ್ಯೂಮಿನಿಯಂ ಏಣಿ ವಿದ್ಯುತ್ ತಂತಿಗೆ ತಾಗಿದವನಿಗೆ, ತರಗೆಲೆಯ ಮೇಲೆ ಹಾವು ಕಚ್ಚಿದವನಿಗೆ 5 ಲಕ್ಷದ ಕಾರ್ಡಿಗಿಂತ ಹತ್ತು ಕಿಲೋಮೀಟರಿನೊಳಗಿನ ವೈದ್ಯರು ಮುಖ್ಯ. ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಪ್ರಕರಣವೆಂದು 2024ರ ಫೆಬ್ರುವರಿಯಲ್ಲಿ ಕರ್ನಾಟಕ ಘೋಷಿಸಿದ್ದು ಆ ದೃಷ್ಟಿಯಿಂದ ಸಣ್ಣ ಹೆಜ್ಜೆಯಲ್ಲ. ಎಷ್ಟು ಜನ, ಎಲ್ಲಿ, ಯಾವ ತಿಂಗಳು ಎಂದು ತಿಳಿದರೆ ತಾನೆ ಔಷಧಿ ಯಾವ ಆಸ್ಪತ್ರೆಯಲ್ಲಿರಬೇಕು ಎಂದು ಹೇಳಬಹುದು. ಎದೆನೋವಿನವರಿಗೆ ರಕ್ತದ ಗಂಟು ಕರಗಿಸುವ ದುಬಾರಿ ಚುಚ್ಚುಮದ್ದನ್ನು ತಾಲೂಕು ಆಸ್ಪತ್ರೆಗಳಲ್ಲೇ ಉಚಿತವಾಗಿ ಕೊಡುವ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯೂ ಈ ಬಗೆಯದು. ಮಂಗನ ಕಾಯಿಲೆಯ ಕತೆ ಮಾತ್ರ ಇದಕ್ಕೆ ವ್ಯತಿರಿಕ್ತ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆ ಈಗ ಕೊಪ್ಪ, ನರಸಿಂಹರಾಜಪುರದ ತೋಟಗಳಿಗೂ ಬಂದಿದೆ. ಹಳೆಯ ಲಸಿಕೆ ಸಾಕಷ್ಟು ಪರಿಣಾಮಕಾರಿಯಲ್ಲವೆಂದು 2022ರಲ್ಲಿ ನಿಲ್ಲಿಸಿದರು. ಉಣ್ಣೆ ಕಚ್ಚುವ ಕಾಲವೂ ಕಾಫಿ ಕುಯ್ಲಿನ ಕಾಲವೂ ಒಂದೇ. ಇಡೀ ಜಗತ್ತಿನಲ್ಲಿ ಕೆಲವೇ ಜಿಲ್ಲೆಗಳ ಬಡವರಿಗೆ ಬರುವ ಕಾಯಿಲೆಗೆ ಲಸಿಕೆ ಮಾಡಿದರೆ ಕೊಳ್ಳುವವರು ಯಾರು ಎಂಬುದೂ ಆರೋಗ್ಯ ಅರ್ಥಶಾಸ್ತ್ರದ್ದೇ ಪ್ರಶ್ನೆ, ಬಹುಶಃ ಎಲ್ಲಕ್ಕಿಂತ ಕಠಿಣವಾದದ್ದು.

ವೈದ್ಯರ ಹುದ್ದೆ ತುಂಬಿದ ಮಾತ್ರಕ್ಕೆ ಎಲ್ಲವೂ ಆಯಿತೆಂದಲ್ಲ. ಒಬ್ಬರೇ ವೈದ್ಯರು ತಮ್ಮ ಖಾಸಗಿ ಕ್ಲಿನಿಕ್ಕಿನಲ್ಲಿ ರೋಗಿಗೆ ಕೊಡುವ ಗಮನವನ್ನು ಸರ್ಕಾರಿ ಕೇಂದ್ರದಲ್ಲಿ ಕೊಡುವುದಿಲ್ಲ ಎಂದು ಜಿಷ್ಣು ದಾಸ್ ಮತ್ತು ಸಂಗಡಿಗರು ಮಧ್ಯಪ್ರದೇಶದಲ್ಲಿ ರೋಗಿಗಳ ವೇಷದಲ್ಲಿ ಜನರನ್ನು ಕಳಿಸಿ ತೋರಿಸಿದ್ದಾರೆ. ನಮ್ಮ ಕಡೆ ಇಂಥ ಪರೀಕ್ಷೆ ನಡೆಸಿದರೆ ಏನು ಕಾಣಬಹುದೆಂದು ಓದುಗರೇ ಊಹಿಸಲಿ.

1951ರ ಕಾಯ್ದೆ ಈಗ ಇಲ್ಲ. ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಅವುಗಳಲ್ಲಿ ಒಂದಾದ ಸಾಮಾಜಿಕ ಭದ್ರತಾ ಸಂಹಿತೆ, ತೋಟದ ಮಾಲೀಕರು ಇಷ್ಟಪಟ್ಟರೆ ತಮ್ಮ ಕೆಲಸಗಾರರನ್ನು ಇ.ಎಸ್.ಐ.ಗೆ ಸೇರಿಸಬಹುದು ಎನ್ನುತ್ತದೆ. ಇ.ಎಸ್.ಐ.ಯಲ್ಲಿ ಚಿಕಿತ್ಸೆಯ ಜೊತೆಗೆ ಕಾಯಿಲೆಯ ದಿನಗಳಿಗೆ ವರ್ಷಕ್ಕೆ 91 ದಿನಗಳವರೆಗೆ ಕೂಲಿಯ ಶೇ. 70 ಸಿಗುತ್ತದೆ. ತಿ. ನರಸೀಪುರದ ಆ 50 ರೂಪಾಯಿಗಿಂತ ಎಷ್ಟೋ ದೊಡ್ಡದು. ಸಂಶೋಧಕರು ಮುಂದಿನ ಸಲ ಕರ್ನಾಟಕಕ್ಕೆ ಬಂದಾಗ ಅಳೆಯಬೇಕಾದದ್ದು ಇದನ್ನು: ಎಷ್ಟು ತೋಟಗಳು ಇಷ್ಟಪಟ್ಟವು, ಯಾರ ಹೆಸರುಗಳು ಪುಸ್ತಕಕ್ಕೆ ಬಂದವು. ಕಾಯಿಲೆಯ ಭತ್ಯೆ ಬೇಕಾದರೆ ಆರು ತಿಂಗಳ ಅವಧಿಯೊಂದರಲ್ಲಿ 78 ದಿನಗಳ ವಂತಿಗೆ ಕಟ್ಟಿರಬೇಕು ಎಂಬುದು ಇ.ಎಸ್.ಐ.ಯಲ್ಲಿ ನಡೆದುಬಂದ ನಿಯಮ. ಕುಯ್ಲಿನ ಆಳು ಅಷ್ಟು ದಿನ ದುಡಿದಾನು. ಆದರೆ ಹೊಸಬನಿಗೆ ಭತ್ಯೆಯ ಅವಧಿ ಶುರುವಾಗುವುದು ಕೆಲಸಕ್ಕೆ ಸೇರಿದ ಒಂಬತ್ತು ತಿಂಗಳ ಮೇಲೆ. ಡಿಸೆಂಬರಿನಲ್ಲಿ ಬಂದವನಿಗೆ ಸೆಪ್ಟೆಂಬರ್. ಅವನಿದ್ದ ಲೈನ್ ಮನೆಗೆ ಮಾರ್ಚಿನಲ್ಲೇ ಬೀಗ ಬಿದ್ದಿರುತ್ತದೆ.